ಶಸ್ತ್ರಚಿಕಿತ್ಸೆಯ ನಂತರದ ಆಸ್ಪತ್ರೆ ವಾಸ: ರೋಗಿ, ಬೈಸ್ಟ್ಯಾಂಡರ್, ಹರಕೆ – ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ವರ್ಷಗಳ ಹಿಂದೆ ಕರುಳಿನ ತಡೆಗಾಗಿ ನನ್ನ ಹೊಟ್ಟೆಯನ್ನು ತೆರೆದು ಶಸ್ತ್ರಚಿಕಿತ್ಸೆ ಮಾಡಿದರು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ನಮ್ಮ ಮನೆಯಿಂದ ಗಡಿ ದಾಟಿ ಮಂಗಳೂರಿಗೆ ಹೋಗಿ ಅಲ್ಲಿ 11 ದಿನ ಮಲಗಿದ್ದೆ. ಅಂದಿನಿಂದ ನಮ್ಮ ಊರಿನಲ್ಲಿ ಯಾರಿಗೆ ಆಪರೇಷನ್ ನಿಶ್ಚಯವಾದರೂ ಮೊದಲು ನನಗೊಂದು ಫೋನ್ ಬರುತ್ತದೆ. ಒಂದೆರಡು ಸಲ ಜೊತೆಗೆ ಹೋಗಿ ನಿಂತದ್ದೂ ಉಂಟು. ನಾನು ನಿವೃತ್ತ ಶಾಲಾ ಮಾಸ್ತರನೇ ಹೊರತು ವೈದ್ಯನಲ್ಲ. ವೈದ್ಯರು ಮತ್ತು ಸಿಸ್ಟರುಗಳು ಹೇಳಿದ್ದು, ನಾನೇ ಓದಿ ತಿಳಿದದ್ದು, ಹಾಸಿಗೆಯಲ್ಲಿ ಮಲಗಿ ಕಂಡದ್ದು ಈ ಉತ್ತರಗಳಲ್ಲಿವೆ. ನಿಮ್ಮ ವೈದ್ಯರ ಸೂಚನೆಗೂ ಇಲ್ಲಿನ ಮಾತಿಗೂ ವ್ಯತ್ಯಾಸ ಕಂಡರೆ ಅವರ ಮಾತನ್ನೇ ಕೇಳತಕ್ಕದ್ದು.

ಆಪರೇಷನ್ ಮುಗಿಸಿ ಹೊರಗೆ ತಂದಾಗ ರೋಗಿಯನ್ನು ನೋಡಿ ಮನೆಯವರು ಹೆದರುವುದೇಕೆ?

ಹೆದರುವುದು ನಳಿಕೆಗಳನ್ನು ಕಂಡು. ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯಾದರೆ ಕೈಗೆ ಡ್ರಿಪ್, ಮೂಗಿನಿಂದ ಹೊಟ್ಟೆಗೆ ಇಳಿದ ನಳಿಕೆ, ಮೂತ್ರದ ನಳಿಕೆ ಮತ್ತು ಚೀಲ, ಗಾಯದ ಪಕ್ಕದಿಂದ ಕೆಂಪು ನೀರು ಇಳಿಯುವ ಡ್ರೈನ್, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ ಎಲ್ಲವೂ ಒಟ್ಟಿಗೆ ಇರಬಹುದು. ಪೂರ್ತಿ ಅರಿವಳಿಕೆ ಕೊಟ್ಟವರಿಗೆ ಉಸಿರಾಟದ ನಳಿಕೆ ಹಾಕಿ ತೆಗೆದಿರುವುದರಿಂದ ಗಂಟಲು ಕೆರೆಯುತ್ತದೆ, ಕೆಲವರಿಗೆ ಚಳಿ ಹಿಡಿದಂತೆ ಮೈ ನಡುಗುತ್ತದೆ, ಕೆಲವರಿಗೆ ವಾಕರಿಕೆ ಬರುತ್ತದೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರೆ ಕಾಲುಗಳು ಕೆಲವು ಗಂಟೆಗಳ ಕಾಲ ತಮ್ಮವಲ್ಲವೆಂಬಂತೆ ಬಿದ್ದಿರುತ್ತವೆ. ಇವೆಲ್ಲ ಸಾಮಾನ್ಯವಾಗಿ ಬಂದು ಹೋಗುವಂಥವು.

ನನ್ನ ತಾಯಿ ಬಾಗಿಲಿನಿಂದಲೇ ನೋಡಿ ಕುಸಿದು ಕುಳಿತರಂತೆ. ಅವರನ್ನು ಎಬ್ಬಿಸಿದ ಸಿಸ್ಟರ್ ಹೇಳಿದ ಮಾತು ಮಾತ್ರ ನಮ್ಮ ಮನೆಯಲ್ಲಿ ಉಳಿದುಹೋಯಿತು: “ಅಮ್ಮಾ, ನಾಳೆಯಿಂದ ದಿನವೂ ನಳಿಕೆ ಎಣಿಸಿ, ಒಂದೊಂದೇ ಕಡಿಮೆಯಾಗುತ್ತದೆ.” ಅಮ್ಮ ನಿಜವಾಗಿಯೂ ಎಣಿಸಿದರು. ಐದು, ನಾಲ್ಕು, ನಾಲ್ಕು, ಮೂರು ಎಂದು ಊರಿಗೆ ಫೋನಿನಲ್ಲಿ ವರದಿ ಒಪ್ಪಿಸಿದರು.

ನೋವನ್ನು ಸಹಿಸಿಕೊಂಡರೆ ಒಳ್ಳೆಯದಲ್ಲವೇ? ನೋವಿನ ಔಷಧಿ ಹೆಚ್ಚಾದರೆ ಅಭ್ಯಾಸವಾಗುವುದಿಲ್ಲವೇ?

ಸಹಿಸಿಕೊಂಡರೆ ಒಳ್ಳೆಯದಲ್ಲ. ಹೊಟ್ಟೆಯ ಅಥವಾ ಎದೆಯ ಗಾಯ ನೋಯುತ್ತಿರುವವನು ಪೂರ್ತಿ ಉಸಿರು ತೆಗೆದುಕೊಳ್ಳುವುದಿಲ್ಲ, ಕೆಮ್ಮುವುದಿಲ್ಲ, ಮಗ್ಗುಲು ಬದಲಿಸುವುದೂ ಇಲ್ಲ. ಹಾಗಾದಾಗ ಶ್ವಾಸಕೋಶದ ತಳದಲ್ಲಿ ಕಫ ಕಟ್ಟಿ ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಆದುದರಿಂದ ನೋವಿನ ಔಷಧಿ ಸುಖಕ್ಕಾಗಿ ಕೊಡುವುದಲ್ಲ, ಉಸಿರಾಡಲಿ ಮತ್ತು ನಡೆಯಲಿ ಎಂದು ಕೊಡುವುದು. ವೈದ್ಯರ ನಿಗಾದಲ್ಲಿ ಕೆಲವು ದಿನಗಳ ಮಟ್ಟಿಗೆ ಕೊಡುವ ಔಷಧಿಗೆ ಅಭ್ಯಾಸ ಬೀಳುವ ಭಯವನ್ನು ನೀವು ಹೊರಬೇಕಾಗಿಲ್ಲ. ಮನೆಗೆ ಬಂದ ಮೇಲೆ ಚೀಟಿಯಲ್ಲಿ ಬರೆದ ದಿನಗಳನ್ನು ಮೀರಿ ಅದೇ ಮಾತ್ರೆಯನ್ನು ಅಂಗಡಿಯಿಂದ ತರಿಸಿ ನುಂಗುವುದು ಬೇರೆ ವಿಷಯ.

ಸೊನ್ನೆಯಿಂದ ಹತ್ತರವರೆಗಿನ ಅಂಕದಲ್ಲಿ ನೋವು ಎಷ್ಟು ಎಂದು ಸಿಸ್ಟರ್ ಕೇಳುತ್ತಾರೆ. ನಮ್ಮ ಗಂಡಸರು, ಮುಖ್ಯವಾಗಿ ಅಡಿಕೆ ತೋಟದಲ್ಲಿ ಮೈ ಮುರಿದು ದುಡಿದವರು, ಇದಕ್ಕೆ ‘ತೊಂದರೆ ಇಲ್ಲ’ ಎನ್ನುತ್ತಾರೆ. ಅದು ಅಂಕವಲ್ಲ. ನಕ್ಕಾಗ ಎಷ್ಟು, ಕೆಮ್ಮಿದಾಗ ಎಷ್ಟು, ಎದ್ದು ಕುಳಿತಾಗ ಎಷ್ಟು ಎಂದು ಬಿಡಿಸಿ ಹೇಳಿ. ಉರಿಯೋ, ಸೆಳೆತವೋ, ಚುಚ್ಚಿದಂತೆಯೋ, ಬಿಗಿದು ಹಿಡಿದಂತೆಯೋ ಎಂಬುದನ್ನೂ ಸೇರಿಸಿ. ವೈದ್ಯರಿಗೆ ಅದರಿಂದ ತುಂಬ ತಿಳಿಯುತ್ತದೆ.

ಹೊಲಿಗೆ ಹಸಿ ಇರುವಾಗಲೇ ಮರುದಿನ ನಡೆಸುತ್ತಾರಲ್ಲ, ಅದು ಸರಿಯೇ?

ಸರಿ. ವಾರಗಟ್ಟಲೆ ಹಾಸಿಗೆಯಲ್ಲಿ ಇರಿಸುತ್ತಿದ್ದ ಹಳೆಯ ಪದ್ಧತಿಯನ್ನು ಪ್ರಶ್ನಿಸಿ, ಬೇಗ ಎಬ್ಬಿಸಿ ಬೇಗ ಉಣಿಸುವ ಕ್ರಮವನ್ನು 1990ರ ದಶಕದಲ್ಲಿ ವ್ಯವಸ್ಥಿತವಾಗಿ ರೂಪಿಸಿದವರಲ್ಲಿ ಡೆನ್ಮಾರ್ಕಿನ ಶಸ್ತ್ರಚಿಕಿತ್ಸಕ ಹೆನ್ರಿಕ್ ಕೆಲೆಟ್ ಪ್ರಮುಖರು. ಮಲಗಿಯೇ ಇದ್ದರೆ ಕಾಲಿನ ಒಳರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ, ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವ ಅಪಾಯವಿದೆ. ಕರುಳು ಕೂಡ ನಡೆದಾಡುವವನಲ್ಲಿ ಬೇಗ ಎಚ್ಚರಗೊಳ್ಳುತ್ತದೆ. ಗಾಳಿ ಹೋಯಿತೇ ಎಂದು ವೈದ್ಯರು ದಿನಕ್ಕೆರಡು ಬಾರಿ ಕೇಳುವುದು ಇದಕ್ಕಾಗಿಯೇ. ನಾಚಿಕೆಪಡಬೇಡಿ, ಆ ವಾರ್ಡಿನಲ್ಲಿ ಅದಕ್ಕಿಂತ ಶುಭ ಸಮಾಚಾರ ಇನ್ನೊಂದಿಲ್ಲ.

ನನ್ನ ಮೊದಲ ನಡಿಗೆ ಹಾಸಿಗೆಯಿಂದ ಕಿಟಕಿಯವರೆಗೆ, 14 ಹೆಜ್ಜೆ. ಅಳಿಯ ಒಂದು ಕೈಯಲ್ಲಿ ಮೂತ್ರದ ಚೀಲವನ್ನು ನನ್ನ ಸೊಂಟಕ್ಕಿಂತ ಕೆಳಗೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಡ್ರಿಪ್ಪಿನ ಕಂಬವನ್ನು ತಳ್ಳಿಕೊಂಡು, ಉತ್ಸವದಲ್ಲಿ ದೇವರ ಮುಂದೆ ದೀವಟಿಗೆ ಹಿಡಿದವನ ಗಾಂಭೀರ್ಯದಲ್ಲಿ ಬರುತ್ತಿದ್ದ. ನಗು ಬಂತು, ಹೊಲಿಗೆ ನೋಯಿತು. ಆಗ ಕಲಿತದ್ದು, ನಗುವಾಗ ಮತ್ತು ಕೆಮ್ಮುವಾಗ ಸಣ್ಣದೊಂದು ತಲೆದಿಂಬನ್ನು ಗಾಯದ ಮೇಲೆ ಎರಡೂ ಕೈಗಳಿಂದ ಒತ್ತಿ ಹಿಡಿಯಬೇಕು ಎಂಬುದು. ಮೂರು ಬಣ್ಣದ ಚೆಂಡುಗಳಿರುವ ಪ್ಲಾಸ್ಟಿಕ್ಕಿನ ಉಸಿರಾಟದ ಸಾಧನವನ್ನು ಕೊಟ್ಟರೆ ಅದನ್ನು ಊದುವುದಲ್ಲ, ನಿಧಾನವಾಗಿ ಒಳಕ್ಕೆ ಎಳೆಯುವುದು. ನಮ್ಮ ಸಾಲಿನ ಐದು ಮಂದಿಯಲ್ಲಿ ಮೂವರು ಮೊದಲ ದಿನ ಊದುತ್ತಿದ್ದರು.

ಬೈಸ್ಟ್ಯಾಂಡರ್ ಆಗಿ ಯಾರು ನಿಲ್ಲುವುದು ಒಳ್ಳೆಯದು? ಅವರ ಕೆಲಸವೇನು?

ಕೇರಳದ ಆಸ್ಪತ್ರೆಗಳಲ್ಲಿ ರೋಗಿಯ ಜೊತೆಗೆ ಉಳಿಯುವವರಿಗೆ ಬೈಸ್ಟ್ಯಾಂಡರ್ ಎಂಬ ಹೆಸರೇ ಬಿದ್ದುಹೋಗಿದೆ, ನಮ್ಮ ಕಡೆಯ ಕನ್ನಡದಲ್ಲಿಯೂ ಅದೇ ನಿಂತಿದೆ. ಹತ್ತಿರದ ಸಂಬಂಧಿಯೇ ಆಗಬೇಕೆಂದು ಹಲವರು ಹಟ ಹಿಡಿಯುತ್ತಾರೆ. ನನ್ನ ಅನುಭವದಲ್ಲಿ ಅತ್ಯಂತ ಪ್ರೀತಿಯವರಿಗಿಂತ ಅತ್ಯಂತ ಸಮಾಧಾನಿಗಳು ಉತ್ತಮ. ರೋಗಿ ನರಳಿದಾಗ ತಾವೂ ಅಳುವವರು ಹಗಲಿಗೆ ಬರಲಿ. ರಾತ್ರಿಗೆ, ಸಲೈನ್ ಮುಗಿಯುವುದನ್ನು ನೋಡಿ ಸಿಸ್ಟರನ್ನು ಕರೆಯುವ, ಮೂತ್ರ ಎಷ್ಟಾಯಿತೆಂದು ಬರೆದಿಡುವ, ಔಷಧಿ ಚೀಟಿ ಹಿಡಿದು ಕೆಳಗಿನ ಫಾರ್ಮಸಿಗೆ ಓಡುವ ತರುಣನೋ ತರುಣಿಯೋ ಇರಲಿ.

ಒಂದು ನೋಟ್ ಪುಸ್ತಕ ಇಟ್ಟುಕೊಳ್ಳಿ. ವೈದ್ಯರು ರೌಂಡ್ಸಿಗೆ ಬರುವುದು ಬೆಳಗ್ಗೆ, ಬಂದು ನಿಲ್ಲುವುದು ಎರಡು ನಿಮಿಷ; ಕೇಳಬೇಕಾದದ್ದನ್ನು ಮೊದಲೇ ಬರೆದಿಟ್ಟಿರದಿದ್ದರೆ ಅವರು ಹೋದ ಮೇಲೆಯೇ ಎಲ್ಲವೂ ನೆನಪಾಗುತ್ತದೆ. ಜ್ವರ, ಮಲಮೂತ್ರ, ತಿಂದದ್ದು, ನಡೆದದ್ದು, ಹೊಸದಾಗಿ ಕೊಟ್ಟ ಮಾತ್ರೆ ಇಷ್ಟನ್ನು ಬರೆದರೆ ಸಾಕು. ಸರದಿ ಬದಲಾಗುವಾಗ ಆ ಪುಸ್ತಕವನ್ನು ಮುಂದಿನವರ ಕೈಗೆ ಕೊಡಿ. ನಮ್ಮಲ್ಲಿ ಭಾವ ಹೋಗಿ ಅಳಿಯ ಬರುವ ಹೊತ್ತಿಗೆ ಅರ್ಧ ಸಂಗತಿ ಬಸ್ ಸ್ಟ್ಯಾಂಡಿನಲ್ಲೇ ಉಳಿದಿರುತ್ತಿತ್ತು.

ಇನ್ನೊಂದು ಮಾತು. ರೋಗಿಯ ಎಲ್ಲ ಕೆಲಸವನ್ನೂ ನೀವೇ ಮಾಡಿಬಿಡುವುದು ಸೇವೆಯಲ್ಲ. ಲೋಟವನ್ನು ಕೈಗೆಟುಕುವಂತೆ ಇಡಿ, ಬಾಯಿಗೆ ಹಿಡಿಯಬೇಡಿ. ಉಸಿರೆಳೆಯುವುದು, ಕಾಲಿನ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ನಡೆಯುವುದು ಇವನ್ನು ಅವನ ಪರವಾಗಿ ಬೇರೆ ಯಾರೂ ಮಾಡಲಾರರು. ಮಾಡುವ ಧೈರ್ಯ ಹುಟ್ಟಿಸುವುದಷ್ಟೇ ನಮ್ಮ ಪಾಲು.

ರಾತ್ರಿ ಅಜ್ಜ ಇಲ್ಲದವರನ್ನು ಕಂಡು ಮಾತಾಡುತ್ತಾರೆ, ಡ್ರಿಪ್ ಕಿತ್ತುಹಾಕಲು ನೋಡುತ್ತಾರೆ. ದೈವದ ಉಪದ್ರವೇ?

ಈ ಪ್ರಶ್ನೆ ನಾಲ್ಕು ಸಲ ನನಗೆ ಬಂದಿದೆ, ನಾಲ್ಕೂ ಸಲ ರಾತ್ರಿ ಹತ್ತರ ಮೇಲೆ. ವಯಸ್ಸಾದವರಲ್ಲಿ ಶಸ್ತ್ರಚಿಕಿತ್ಸೆಯ ನಂತರ ಕಂಡುಬರುವ ಈ ತಾತ್ಕಾಲಿಕ ಗೊಂದಲಕ್ಕೆ ವೈದ್ಯರು ಡೆಲಿರಿಯಮ್ ಎನ್ನುತ್ತಾರೆ. ನಿದ್ದೆಗೇಡು, ಸೋಂಕು, ನೀರಿನ ಅಂಶ ಕಡಿಮೆಯಾದದ್ದು, ಕೆಲವು ಔಷಧಿಗಳು, ಮೂತ್ರ ಕಟ್ಟಿದ್ದು, ನೋವು ಇವುಗಳಲ್ಲಿ ಯಾವುದರಿಂದಲೂ ಆಗಬಹುದು. ಸಂಜೆಯಾದಂತೆ ಹೆಚ್ಚುವುದು ಅದರ ಗುಣ. ಆದುದರಿಂದ ಮೊದಲು ಸಿಸ್ಟರಿಗೆ ತಿಳಿಸಿ, ಏಕೆಂದರೆ ಕಾರಣವನ್ನು ಹುಡುಕಿ ಸರಿಪಡಿಸಬೇಕಾದ ಸ್ಥಿತಿ ಇದು. ದೈವದ ಪಾತ್ರಿಯಲ್ಲಿ ದರ್ಶನ ಕೇಳುವವರು ಆಮೇಲೆ ಕೇಳಲಿ, ಅದಕ್ಕೆ ನನ್ನ ತಕರಾರಿಲ್ಲ. ತಡವಾಗಬಾರದು ಎಂಬುದಷ್ಟೇ ನನ್ನ ವಿನಂತಿ.

ಮನೆಯವರ ಇರುವಿಕೆ ಬೇರೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಇಲ್ಲಿಯೇ. ಆಸ್ಪತ್ರೆಗೆ ಸೇರಿದ 70 ವರ್ಷ ದಾಟಿದ 852 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಿನಾಂಕ ಮತ್ತು ಸ್ಥಳವನ್ನು ನೆನಪಿಸುವುದು, ಕನ್ನಡಕ ಮತ್ತು ಕಿವಿಯ ಯಂತ್ರವನ್ನು ಹಾಕಿಸುವುದು, ನಡೆಸುವುದು, ನೀರು ಕುಡಿಸುವುದು, ರಾತ್ರಿ ನಿದ್ದೆ ಕೆಡದಂತೆ ನೋಡಿಕೊಳ್ಳುವುದು ಇಂಥ ಸರಳ ಕ್ರಮಗಳಿಂದ ಡೆಲಿರಿಯಮ್ ಶೇಕಡಾ 15ರಿಂದ 9.9ಕ್ಕೆ ಇಳಿಯಿತು. ಅವರು ಶಸ್ತ್ರಚಿಕಿತ್ಸೆಯ ರೋಗಿಗಳಾಗಿರಲಿಲ್ಲವಾದರೂ ಅವೇ ಕ್ರಮಗಳನ್ನು ಶಸ್ತ್ರಚಿಕಿತ್ಸೆಯ ವಾರ್ಡುಗಳೂ ಇಂದು ಅನುಸರಿಸುತ್ತವೆ. ಅಜ್ಜನ ಕನ್ನಡಕ, ಹಲ್ಲಿನ ಸೆಟ್ಟು, ಮನೆಯ ಗೋಡೆಯ ಕ್ಯಾಲೆಂಡರ್ ಇಷ್ಟನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಅವರೊಡನೆ ವಾದಿಸಬೇಡಿ. ‘ಅಲ್ಲಿ ಯಾರೂ ಇಲ್ಲ’ ಎನ್ನುವುದಕ್ಕಿಂತ ‘ನಾನು ಇಲ್ಲಿದ್ದೇನೆ, ಇದು ಆಸ್ಪತ್ರೆ, ನಿಮ್ಮ ಆಪರೇಷನ್ ಆಯಿತು’ ಎಂದು ಮನೆಮಾತಿನಲ್ಲಿ ಮೆಲ್ಲನೆ ಹೇಳಿ. ತಾಳಮದ್ದಳೆಯ ಪ್ರಿಯರಾದ ಒಬ್ಬ ಹಿರಿಯರಿಗೆ ಸಂಜೆ ಅರ್ಧ ಗಂಟೆ ಮೊಬೈಲಿನಲ್ಲಿ ಭಾಗವತಿಕೆ ಕೇಳಿಸಿದಾಗ ಅವರು ಶಾಂತರಾಗಿ, ಅರ್ಥಧಾರಿಯ ತಪ್ಪನ್ನು ಎತ್ತಿ ತೋರಿಸಿದರಂತೆ. ತಪ್ಪು ನಿಜವಾಗಿಯೂ ಇತ್ತೆಂದು ಮಗ ಹೇಳಿದ.

ನೋಡಲು ಬರುವ ನೆಂಟರನ್ನು ಬೇಡವೆನ್ನುವುದು ಹೇಗೆ?

ಮನೆಯ ಹಿರಿಯರೊಬ್ಬರ ಬಾಯಿಂದ ಹೇಳಿಸಿ. ಆಪರೇಷನ್ ಆದವರನ್ನು ನೋಡದಿದ್ದರೆ ತಪ್ಪಾಗುತ್ತದೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಜೀಪು ಮಾಡಿಕೊಂಡು ಎಂಟು ಜನ ಬರುತ್ತಾರೆ, ಹಾಸಿಗೆಯ ಅಂಚಿನಲ್ಲಿ ಕೂರುತ್ತಾರೆ, ಇದೇ ಕಾಯಿಲೆಯಿಂದ ತೀರಿಕೊಂಡವರ ಕಥೆಯನ್ನು ಹೇಳುತ್ತಾರೆ. ನೆಗಡಿ, ಕೆಮ್ಮು, ಜ್ವರ ಇರುವವರು ಖಂಡಿತ ಬರಬಾರದು. ಬಂದವರು ಕೈ ತೊಳೆದು ಒಳಗೆ ಬರಲಿ, ಹತ್ತು ನಿಮಿಷ ಇರಲಿ, ಹಾಸಿಗೆಯ ಮೇಲೆ ಕೂರದಿರಲಿ. ಬರಲಾಗದವರಿಗೆ ತೋಟದ ಕೆಲಸವನ್ನು ಹಂಚಿ: ನನ್ನ ಅಡಿಕೆ ತೋಟಕ್ಕೆ 11 ದಿನವೂ ಸ್ಪ್ರಿಂಕ್ಲರ್ ತಿರುಗಿಸಿದ ನೆರೆಮನೆಯವರು ಆಸ್ಪತ್ರೆಯ ಮುಖವನ್ನೇ ನೋಡಲಿಲ್ಲ, ಆದರೆ ನನಗೆ ನಿದ್ದೆ ಬಂದದ್ದು ಅವರ ದೆಸೆಯಿಂದ.

ಸಾಧ್ಯವಾದರೆ ಕಿಟಕಿಯ ಬದಿಯ ಹಾಸಿಗೆ ಕೇಳಿ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ, ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆಯ ಗೋಡೆ ಕಾಣುತ್ತಿದ್ದವರಿಗಿಂತ ಸರಾಸರಿ ಮುಕ್ಕಾಲು ದಿನ ಮೊದಲೇ ಮನೆಗೆ ಹೋದರು, ತೀವ್ರ ನೋವಿನ ಔಷಧಿಯನ್ನೂ ಕಡಿಮೆ ಬಳಸಿದರು ಎಂದು ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದರು. ಅವರು ನೋಡಿದ್ದು 46 ರೋಗಿಗಳನ್ನು ಮಾತ್ರ, ಆದರೂ ಕೇಳುವುದರಲ್ಲಿ ನಷ್ಟವಿಲ್ಲ.

ಪ್ರಾರ್ಥನೆಯಿಂದ ಗಾಯ ಬೇಗ ಮಾಗುತ್ತದೆಯೇ?

ನೇರವಾಗಿ ಉತ್ತರಿಸುತ್ತೇನೆ. ಹೃದಯದ ಬೈಪಾಸ್ ಆದ 1802 ರೋಗಿಗಳ ಮೇಲೆ ಅಮೆರಿಕದ ಆರು ಆಸ್ಪತ್ರೆಗಳಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಪರಿಚಿತರು ದೂರದಿಂದ ಮಾಡಿದ ಪ್ರಾರ್ಥನೆಯಿಂದ ತೊಡಕುಗಳು ಕಡಿಮೆಯಾಗಲಿಲ್ಲ. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೆಂದು ಖಚಿತವಾಗಿ ತಿಳಿದಿದ್ದವರಲ್ಲಿ ತೊಡಕು ಶೇಕಡಾ 59, ತಿಳಿಯದೆಯೇ ಪ್ರಾರ್ಥನೆ ಪಡೆದವರಲ್ಲಿ ಶೇಕಡಾ 52 ಇತ್ತು. ‘ನನಗಾಗಿ ಇಷ್ಟು ಜನ ಪ್ರಾರ್ಥಿಸಬೇಕಾದರೆ ನನ್ನ ಸ್ಥಿತಿ ಅಷ್ಟು ಕೆಟ್ಟಿದೆಯೇ’ ಎಂಬ ಆತಂಕ ಇದಕ್ಕೆ ಕಾರಣವಿರಬಹುದೆಂದು ಕೆಲವರು ಊಹಿಸಿದರು, ಆಕಸ್ಮಿಕವೂ ಇರಬಹುದು.

ಇದನ್ನು ಓದಿದ ಮೇಲೂ ನಾನು ಪ್ರಾರ್ಥನೆಯನ್ನು ಬಿಡಲಿಲ್ಲ. ನನಗೆ ಅದರ ಉಪಯೋಗ ಬೇರೆಯೇ ಇತ್ತು. ಆಸ್ಪತ್ರೆಯ ರಾತ್ರಿ ಎರಡು ಗಂಟೆಗೂ ನಾಲ್ಕು ಗಂಟೆಗೂ ನಡುವೆ ಕೊನೆಯಿಲ್ಲದ ಹೊತ್ತೊಂದು ಬರುತ್ತದೆ. ಆಗ ಬಾಲ್ಯದಲ್ಲಿ ಕಲಿತ ಸ್ತೋತ್ರವನ್ನು ಉಸಿರಿಗೆ ಸರಿಯಾಗಿ, ಒಂದು ಸಾಲಿಗೆ ಒಳಗೆ ಮತ್ತೊಂದು ಸಾಲಿಗೆ ಹೊರಗೆ ಎಂದು ಹೇಳಿಕೊಳ್ಳುತ್ತಿದ್ದೆ. ಫಿಸಿಯೋಥೆರಪಿಯವರು ಹೇಳಿದ ದೀರ್ಘ ಉಸಿರಾಟವೂ ಆಯಿತು, ಹೊತ್ತೂ ಸರಿಯಿತು, ಭಯವೂ ತಗ್ಗಿತು. ಅಧ್ಯಯನ ಅಳೆದದ್ದು ತೊಡಕುಗಳನ್ನು. ನನ್ನ ರಾತ್ರಿಯನ್ನು ಅದು ಅಳೆದಿರಲಿಲ್ಲ. ಆದುದರಿಂದ ‘ದೇವರಿದ್ದಾನೆ, ಮಾತ್ರೆ ಯಾಕೆ’ ಎನ್ನುವವರಿಗೂ ‘ವೈದ್ಯರಿದ್ದಾರೆ, ಜಪ ಯಾಕೆ’ ಎನ್ನುವವರಿಗೂ ನನ್ನ ಉತ್ತರ ಒಂದೇ: ಎರಡರ ಕೆಲಸ ಬೇರೆ ಬೇರೆ, ಒಂದರದ್ದನ್ನು ಇನ್ನೊಂದಕ್ಕೆ ಹೊರಿಸಬೇಡಿ. ರೋಗಿಗೆ ಮನಸ್ಸಿಲ್ಲದಿದ್ದರೆ ಅವನ ತಲೆದೆಸೆಯಲ್ಲಿ ಕುಳಿತು ಗಟ್ಟಿಯಾಗಿ ಪಾರಾಯಣ ಮಾಡಬೇಡಿ ಎಂಬುದನ್ನೂ ಸೇರಿಸುತ್ತೇನೆ. ಪಕ್ಕದ ಹಾಸಿಗೆಯವರಿಗೆ ಅವರದೇ ದೇವರಿರುತ್ತಾರೆ.

ಪ್ರಸಾದ, ತೀರ್ಥ, ಭಸ್ಮ, ನೂಲು ಇವನ್ನು ಕೊಡಬಹುದೇ?

ಬಾಯಿಗೆ ಏನೂ ಕೊಡಬಾರದೆಂದು ಹೇಳಿರುವವರೆಗೆ ತೀರ್ಥದ ಒಂದು ಉದ್ಧರಣೆ ನೀರೂ ಬೇಡ. ಕರುಳು ಎಚ್ಚರಗೊಳ್ಳುವ ಮೊದಲು ಹೊಟ್ಟೆಗೆ ಹೋದದ್ದು ವಾಂತಿಯಾಗಿ ಶ್ವಾಸನಾಳಕ್ಕೆ ಇಳಿದರೆ ಅಪಾಯ. ಊಟ ಆರಂಭವಾದ ಮೇಲೆ ಮಧೂರು ದೇವಸ್ಥಾನದ ಅಪ್ಪ ಪ್ರಸಾದವನ್ನು ಚೂರು ಮುರಿದು ಕೊಡಬಹುದು, ಸಕ್ಕರೆ ಕಾಯಿಲೆಯವರಿಗೆ ಮಾತ್ರ ಅದು ಬೆಲ್ಲದ್ದೆಂಬುದು ನೆನಪಿರಲಿ. ಮೂತ್ರಪಿಂಡದ ತೊಂದರೆ ಇರುವವರಿಗೆ ಎಳನೀರನ್ನು ಕೇಳದೆ ಕೊಡಬೇಡಿ, ಅದರಲ್ಲಿ ಪೊಟ್ಯಾಸಿಯಂ ಬಹಳ. ಭಸ್ಮ, ಗಂಧ, ಕುಂಕುಮ ಹಣೆಯಲ್ಲಿರಲಿ. ಗಾಯದ ಹತ್ತಿರ ಯಾವುದೇ ಪುಡಿ ತಾಗಬಾರದು. ಊದುಬತ್ತಿ ಮತ್ತು ದೀಪ ವಾರ್ಡಿನಲ್ಲಿ ಸರ್ವಥಾ ಬೇಡ, ಆಮ್ಲಜನಕ ಇರುವ ಕಡೆ ಬೆಂಕಿ ಬೇಗ ಹಿಡಿಯುತ್ತದೆ.

ಅಮ್ಮ ಪೂಜೆ ಮಾಡಿಸಿದ ಕೆಂಪು ನೂಲನ್ನು ನನ್ನ ಕೈಗೆ ಕಟ್ಟಲು ಬಂದಾಗ, ಅದೇ ಮಣಿಕಟ್ಟಿನಲ್ಲಿ ಡ್ರಿಪ್ಪಿನ ಸೂಜಿ ಇತ್ತು. ಸಿಸ್ಟರ್ ಬೇಡವೆನ್ನಲಿಲ್ಲ. ನೂಲನ್ನು ತೆಗೆದುಕೊಂಡು, ಬಾಳೆಎಲೆಯ ಚೂರಿನಲ್ಲಿದ್ದ ಗಂಧ ಒರೆಸಿ, ಮಂಚದ ಕಬ್ಬಿಣದ ಸರಳಿಗೆ ಮೂರು ಸುತ್ತು ಸುತ್ತಿ ಗಂಟು ಹಾಕಿದರು. ಅವರ ಕೊರಳಲ್ಲಿ ಸಣ್ಣ ಶಿಲುಬೆ ಇತ್ತು. ಡಿಸ್ಚಾರ್ಜ್ ಆದಾಗ ಅಮ್ಮ ಅದನ್ನು ಬಿಚ್ಚಲು ಹೋಗಿ, ಮುಂದೆ ಬರುವವರಿಗಿರಲಿ ಎಂದು ಬಿಟ್ಟುಬಂದರು.

ಆಪರೇಷನ್ನಿಗೆ ಮುಂಚೆ ತೆಗೆಸಿದ ಜನಿವಾರ, ಕರಿಮಣಿ, ಮೂಗುತಿ ಯಾವಾಗ ಹಾಕಬಹುದು?

ರಕ್ತಸ್ರಾವ ನಿಲ್ಲಿಸಲು ವಿದ್ಯುತ್ತಿನ ಉಪಕರಣ ಬಳಸುವುದರಿಂದ ಲೋಹವಿದ್ದರೆ ಸುಡುವ ಭಯ, ಬೆರಳು ಬಾತುಕೊಂಡರೆ ಉಂಗುರ ಸಿಕ್ಕಿಕೊಳ್ಳುವ ಭಯ, ಅದಕ್ಕಾಗಿ ತೆಗೆಸುತ್ತಾರೆ. ವಾರ್ಡಿಗೆ ಬಂದು ಸಿಸ್ಟರ್ ಒಪ್ಪಿದ ಮೇಲೆ ಹಾಕಬಹುದು. ಒಡವೆಗಳನ್ನು ಮನೆಗೆ ಕಳುಹಿಸಿಬಿಡುವುದೇ ಕ್ಷೇಮ.

ಏಕಾದಶಿ, ಸಂಧ್ಯಾವಂದನೆ, ನಮಾಜು, ಉಪವಾಸ ಇವು ತಪ್ಪಿದರೆ ದೋಷವೇ?

‘ಆತುರೇ ನಿಯಮೋ ನಾಸ್ತಿ’ ಎಂದು ನಮ್ಮ ಹಿರಿಯರೇ ಹೇಳಿಟ್ಟಿದ್ದಾರೆ. ಕಾಯಿಲೆ ಬಿದ್ದವನಿಗೆ ಮಾನಸ ಪೂಜೆ ಸಾಕು. ನನ್ನ ಎದುರಿನ ಹಾಸಿಗೆಯಲ್ಲಿ ಕುಂಬಳೆಯ ಕಡೆಯ ಬ್ಯಾರಿ ಹಿರಿಯರೊಬ್ಬರಿದ್ದರು. ನಿಲ್ಲಲಾಗದವನು ಕುಳಿತು, ಕೂರಲಾಗದವನು ಮಲಗಿ ನಮಾಜು ಮಾಡಬಹುದೆಂದೂ, ನೀರು ತಾಗಬಾರದವನಿಗೆ ಶುದ್ಧ ಮಣ್ಣಿನ ತಯಮ್ಮುಮ್ ಇದೆಯೆಂದೂ, ರಂಜಾನಿನ ಉಪವಾಸವನ್ನು ಗುಣವಾದ ಮೇಲೆ ತೀರಿಸಬಹುದೆಂದೂ ಅವರಿಂದಲೇ ತಿಳಿದೆ. ಅವರು ತಲೆಯನ್ನು ಸ್ವಲ್ಪವೇ ಬಾಗಿಸಿ ಮುಗಿಸುತ್ತಿದ್ದ ಆ ಐದು ಹೊತ್ತು ನಮ್ಮ ಸಾಲಿನವರಿಗೆಲ್ಲ ಗಡಿಯಾರವಾಗಿತ್ತು. ಕೆಥೋಲಿಕರಿಗೆ ಪಾದ್ರಿಯವರು ವಾರ್ಡಿಗೇ ಬಂದು ಪರಮಪ್ರಸಾದ ಕೊಡುತ್ತಾರೆ, ರೋಗಿಗಳಿಗೆ ತೈಲಲೇಪನದ ಸಂಸ್ಕಾರವೂ ಇದೆ; ಅದು ಸಾಯುವವರಿಗೆ ಮಾತ್ರವೆಂದು ಹೆದರಬೇಕಾಗಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಹಟಕ್ಕೆ ಬಿದ್ದು ಉಪವಾಸ ಮಾಡಿದರೆ ಸಕ್ಕರೆ ಅಂಶ ಕುಸಿದು ಪ್ರಜ್ಞೆ ತಪ್ಪಬಹುದು.

ಮಗ ಗುಣವಾದರೆ ಉರುಳು ಸೇವೆ ಮಾಡಿಸುತ್ತೇನೆಂದು ಹರಕೆ ಹೊತ್ತಿದ್ದೇನೆ. ಯಾವಾಗ ತೀರಿಸಬಹುದು?

ಹರಕೆಗೆ ತಾರೀಕು ಹಾಕಿಕೊಂಡಿರುವುದಿಲ್ಲವಲ್ಲ. ವೈದ್ಯರು ಹೂಂ ಎಂದ ಮೇಲೆ ತೀರಿಸಿ. ಹೊಟ್ಟೆ ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಮೇಲಿನ ಚರ್ಮ ಎರಡು ವಾರಗಳಲ್ಲಿ ಕೂಡಿದಂತೆ ಕಂಡರೂ ಒಳಗಿನ ಪದರ ಗಟ್ಟಿಯಾಗಲು ತಿಂಗಳುಗಳೇ ಬೇಕು. ಅಷ್ಟರಲ್ಲಿ ಉರುಳಿದರೆ, ಹತ್ತಿಳಿದು ತುಲಾಭಾರದ ತಟ್ಟೆಯಲ್ಲಿ ಕೂತರೆ, ಅದೇ ಜಾಗದಲ್ಲಿ ಹರ್ನಿಯಾ ಏಳಬಹುದು. ಗಾಯ ಪೂರ್ತಿ ಮಾಗುವವರೆಗೆ ದೇವಸ್ಥಾನದ ಕೆರೆಯಲ್ಲಿ ಮುಳುಗುವುದೂ ಬೇಡ. ಇನ್ನು ಮುಂದೆ ಹರಕೆ ಹೊರುವ ತಾಯಂದಿರಲ್ಲಿ ನನ್ನದೊಂದು ಅರಿಕೆ: ನೀವು ಮಾಡಬಹುದಾದ ಸೇವೆಯನ್ನು ಹೇಳಿಕೊಳ್ಳಿ. ನನ್ನ ತಾಯಿ ನನ್ನ ಪರವಾಗಿ ಬೆಟ್ಟ ಹತ್ತುವ ಹರಕೆ ಹೊತ್ತು, ಆಮೇಲೆ ಪುರೋಹಿತರಲ್ಲಿ ಕೇಳಿ ಅದನ್ನು ಗಣಹೋಮಕ್ಕೆ ಬದಲಿಸಿದರು.

ಯಾವ ಆಹಾರ ನಂಜು? ಗಾಯ ಮಾಗುವವರೆಗೆ ಏನನ್ನು ಬಿಡಬೇಕು?

ಈ ಒಂದು ಪ್ರಶ್ನೆಗೆ ನಮ್ಮ ಊರಿನಲ್ಲಿ ಮನೆಗೊಂದು ಪಟ್ಟಿ ಇದೆ. ಹಲಸು ನಂಜು, ಬದನೆ ನಂಜು, ಬಂಗುಡೆ ನಂಜು, ಕೆಲವು ಮನೆಗಳಲ್ಲಿ ತೊಗರಿಬೇಳೆಯೂ ಮೊಟ್ಟೆಯೂ ನಂಜು. ಎಲ್ಲರ ಮಾತನ್ನೂ ಪಾಲಿಸಿದರೆ ರೋಗಿಗೆ ಉಳಿಯುವುದು ಗಂಜಿಯ ತಿಳಿ ಮತ್ತು ಉಪ್ಪು. ಆಪರೇಷನ್ ಆಗಿ ಮೂರು ವಾರವಾದರೂ ಎದ್ದು ನಿಲ್ಲಲಾರದ ಒಬ್ಬ ಅತ್ತಿಗೆಯನ್ನು ನಾನು ನೋಡಿದ್ದೇನೆ. ಅವರಿಗೆ ಕಾಯಿಲೆ ಇರಲಿಲ್ಲ, ಹಸಿವೆ ಇತ್ತು.

ಗಾಯ ಕೂಡುವುದು ಪ್ರೋಟೀನಿನಿಂದ. ಹೊಸ ಅಂಗಾಂಶವನ್ನು ಕಟ್ಟಲು ದೇಹಕ್ಕೆ ಬೇಳೆ, ಹೆಸರುಕಾಳು, ಮೊಸರು, ಹಾಲು, ತಿನ್ನುವವರಾದರೆ ಮೊಟ್ಟೆ ಮತ್ತು ಮೀನು ಬೇಕು. ಆ ಕಟ್ಟುವ ಕೆಲಸಕ್ಕೆ ‘ಸಿ’ ಜೀವಸತ್ವವೂ ಬೇಕು, ಅದು ನೆಲ್ಲಿಕಾಯಿಯಲ್ಲಿ, ಪೇರಳೆಯಲ್ಲಿ, ಲಿಂಬೆಯಲ್ಲಿ ಧಾರಾಳವಾಗಿದೆ. ಮೊದಲು ತಿಳಿ ನೀರು, ಆಮೇಲೆ ಗಂಜಿ, ಆಮೇಲೆ ಮೆತ್ತಗಿನ ಅನ್ನ ಎಂದು ವೈದ್ಯರು ಹೇಳಿದ ಕ್ರಮದಲ್ಲಿ ಮೇಲೇರಿ. ಕುಚ್ಚಲಕ್ಕಿ ಗಂಜಿಗೆ ಚೆನ್ನಾಗಿ ಬೆಂದ ಹೆಸರುಕಾಳು ಸೇರಿಸಿದರೆ ಅದೇ ಊಟ ಔಷಧಿಯಾಗುತ್ತದೆ. ಒಂದೆಲಗದ ತಂಬುಳಿಗೂ ಅಡ್ಡಿಯಿಲ್ಲ. ಕರುಳಿನ ಆಪರೇಷನ್ ಆದವರು ಮಾತ್ರ ನಾರಿನ ಪದಾರ್ಥಗಳನ್ನು ಕೇಳಿಕೊಂಡೇ ತಿನ್ನಬೇಕು. ಯಾವುದಾದರೊಂದು ಪದಾರ್ಥ ನಿಮ್ಮ ಮೈಗೆ ಹಿಂದಿನಿಂದಲೂ ತುರಿಕೆ ತರುತ್ತಿದ್ದರೆ ಅದನ್ನು ಬಿಡಿ. ಊರಿನ ಪಟ್ಟಿಯನ್ನಲ್ಲ, ನಿಮ್ಮ ಮೈಯನ್ನು ನಂಬಿ. ಗಾಯ ನಿಜವಾಗಿ ನಂಜಾಗುವುದು ಬೀಡಿಯಿಂದ, ಹತೋಟಿಯಲ್ಲಿಲ್ಲದ ಸಕ್ಕರೆಯಿಂದ, ತೊಳೆಯದ ಕೈಯಿಂದ. ಆ ಪಟ್ಟಿಯನ್ನು ಮಾತ್ರ ಯಾರ ಮನೆಯಲ್ಲಿಯೂ ಗೋಡೆಗೆ ಅಂಟಿಸಿದ್ದು ಕಾಣೆ.

ನೋವಿನ ಕೆಲವು ಮಾತ್ರೆಗಳಿಂದ ಮಲಬದ್ಧತೆಯಾಗುತ್ತದೆ, ಮುಕ್ಕಿದರೆ ಹೊಲಿಗೆ ಎಳೆಯುತ್ತದೆ. ಮೊದಲೇ ಸಿಸ್ಟರಿಗೆ ಹೇಳಿ ಔಷಧಿ ಕೇಳಿ.

ಆಸ್ಪತ್ರೆಯಲ್ಲಿ ಮಲಯಾಳ ಮಾತ್ರ ನಡೆಯುತ್ತದೆ, ನಮ್ಮ ಹಿರಿಯರಿಗೆ ಅದು ಬಾರದು. ಏನು ಮಾಡಬೇಕು?

1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿದ ದಿನದಿಂದ ಈ ಪ್ರಶ್ನೆ ಕಚೇರಿಗಳಲ್ಲಿದೆ. ಆಸ್ಪತ್ರೆಯ ಹಾಸಿಗೆಯಲ್ಲಿ ಅದು ಇನ್ನಷ್ಟು ಹರಿತವಾಗುತ್ತದೆ. ಎಣ್ಮಕಜೆಯ ಒಳಭಾಗದ ಒಬ್ಬ ವೃದ್ಧೆಯನ್ನು ಸಿಸ್ಟರ್ “ಪನಿಯುಂಡೋ” ಎಂದು ಕೇಳಿದರು. ಮಲಯಾಳದಲ್ಲಿ ಪನಿ ಎಂದರೆ ಜ್ವರ. ತುಳುವಿನ ಕಿವಿಗೆ ಅದು ತುಂತುರು ಮಳೆ. ಆಕೆ ಕಿಟಕಿಯತ್ತ ನೋಡಿ, ಇಲ್ಲ, ಬಿಟ್ಟಿದೆ ಎಂದರು. ನಾವು ನಕ್ಕೆವು, ಆದರೆ ಜ್ವರ ಗೊತ್ತಾದದ್ದು ಥರ್ಮಾಮೀಟರ್ ಇಟ್ಟ ಮೇಲೆಯೇ.

ನಗಲಾಗದ ಪ್ರಸಂಗವೂ ಇದೆ. ಒಂದು ಆಸ್ಪತ್ರೆಯಲ್ಲಿ ನನ್ನ ಸಂಬಂಧಿಕರೊಬ್ಬರಿಂದ ಅವರಿಗೆ ಓದಲು ಬಾರದ ಭಾಷೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿದರು. ಏನು ಮಾಡುತ್ತಾರೆಂಬುದು ಅವರಿಗೆ ತಿಳಿದದ್ದು ಮಾಡಿದ ಮೇಲೆ. ಅರ್ಥವಾಗುವ ಭಾಷೆಯಲ್ಲಿ ವಿವರಿಸಿ ಎಂದು ಕೇಳುವುದು ಉದ್ಧಟತನವಲ್ಲ, ಅದು ರೋಗಿಯ ಹಕ್ಕು. ಎರಡೂ ಭಾಷೆ ಬಲ್ಲವರೊಬ್ಬರು ರೌಂಡ್ಸಿನ ಹೊತ್ತಿಗೆ ಹಾಸಿಗೆಯ ಬಳಿ ಇರುವಂತೆ, ಕಡಿಮೆಯೆಂದರೆ ಫೋನಿನಲ್ಲಿ ಸಿಗುವಂತೆ ನೋಡಿಕೊಳ್ಳಿ. ಮಾತ್ರೆಯ ಪ್ಯಾಕೆಟ್ಟಿನ ಮೇಲೆ ಬೆಳಗ್ಗೆ, ಮಧ್ಯಾಹ್ನ, ರಾತ್ರಿ, ಊಟದ ಮೊದಲು, ನಂತರ ಎಂದು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ.

ಖರ್ಚಿಗೆ ಸರಕಾರದ ಸಹಾಯ ಸಿಗುತ್ತದೆಯೇ?

ಅರ್ಹ ಕುಟುಂಬಗಳಿಗೆ ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಆಸ್ಪತ್ರೆ ವಾಸದ ಚಿಕಿತ್ಸೆಗೆ ಅವಕಾಶವಿದೆ. ಕಾರ್ಡು ಇದ್ದರೆ ದಾಖಲಾಗುವ ಮೊದಲೇ ತೋರಿಸಿ. ಮಂಗಳೂರಿನ ಆಸ್ಪತ್ರೆಗೆ ಹೋಗುವುದಾದರೆ, ಈ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಹೊರಡುವ ಮುನ್ನವೇ ವಿಮಾ ಕೌಂಟರಿನಲ್ಲಿ ವಿಚಾರಿಸಿ. ಮೇಜಿನ ಮೇಲೆ ಬಿಲ್ಲು ಬಂದ ಮೇಲೆ ವಿಚಾರಿಸಿ ಪ್ರಯೋಜನವಿಲ್ಲ.

ಡಿಸ್ಚಾರ್ಜ್ ಆದ ಮೇಲೆ ಮನೆಗೆ ಬರುವ ದಾರಿಯಲ್ಲಿ ಮತ್ತು ಮನೆಯಲ್ಲಿ ಏನನ್ನು ನೋಡಿಕೊಳ್ಳಬೇಕು?

ಮಂಗಳೂರಿನಿಂದ ಕಾಸರಗೋಡಿಗೆ ಸುಮಾರು 50 ಕಿಲೋಮೀಟರ್. ಒಳಗಿನ ಹಳ್ಳಿಗೆ ಹೋಗುವ ತಿರುವುಗಳು ಅದರ ಮೇಲೆ. ಆಟೋರಿಕ್ಷಾ ಬೇಡ, ಕಾರಿನಲ್ಲಿ ಬನ್ನಿ. ಸೀಟ್ ಬೆಲ್ಟಿಗೂ ಹೊಟ್ಟೆಗೂ ನಡುವೆ ಆ ಸಣ್ಣ ತಲೆದಿಂಬನ್ನಿಡಿ. ದಾರಿ ಉದ್ದವಾದರೆ ನಡುವೆ ಇಳಿದು ನಾಲ್ಕು ಹೆಜ್ಜೆ ನಡೆಯಿರಿ.

ಮನೆಯಲ್ಲಿ ದೊಡ್ಡ ಶತ್ರು ಬಾವಿ. ಹೊಟ್ಟೆಯ ಆಪರೇಷನ್ ಆದವರು ಸುಮಾರು ಆರು ವಾರ ನಾಲ್ಕೈದು ಕಿಲೋಗಿಂತ ಹೆಚ್ಚು ಎತ್ತಬಾರದೆಂದು ಹೇಳುತ್ತಾರೆ. ತುಂಬಿದ ಕೊಡಪಾನ ಹತ್ತು ಕಿಲೋಗೆ ಕಡಿಮೆಯಿಲ್ಲ, ಹಗ್ಗ ಎಳೆಯುವಾಗಿನ ಬಲ ಬೇರೆ. ನೀರು ಸೇದುವುದು, ಅಡಿಕೆ ಗೋಣಿ ಎತ್ತುವುದು, ಬಚ್ಚಲೊಲೆಗೆ ಸೌದೆ ಒಡೆಯುವುದು ಇವೆಲ್ಲ ಬೇರೆಯವರ ಪಾಲಾಗಲಿ. ಆಸ್ಪತ್ರೆಯಿಂದ ಬಂದ ಮೈಲಿಗೆಗೆಂದು ಹೊಸ್ತಿಲಲ್ಲೇ ತಲೆಗೆ ನೀರು ಸುರಿಯುವ ಮನೆಗಳಿವೆ; ಗಾಯ ಒದ್ದೆಯಾಗಬಹುದೇ ಎಂಬುದನ್ನು ವೈದ್ಯರಲ್ಲಿ ಕೇಳಿ, ಬೇಡವೆಂದರೆ ಪ್ರೋಕ್ಷಣೆ ಸಾಕು. ಡ್ರೆಸ್ಸಿಂಗಿಗಾಗಿ ಪ್ರತಿಸಲವೂ ಮಂಗಳೂರಿಗೆ ಓಡಬೇಕೆಂದಿಲ್ಲ, ಶಸ್ತ್ರಚಿಕಿತ್ಸಕರು ಒಪ್ಪಿದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಮಾಡಿಸಬಹುದು. ಹಾಸಿಗೆ ಹಿಡಿದವರಿದ್ದರೆ ಪಂಚಾಯತಿನ ಪಾಲಿಯೇಟಿವ್ (ಸಾಂತ್ವನ ಆರೈಕೆಯ) ನರ್ಸುಗಳು ಮನೆಗೇ ಬರುತ್ತಾರೆ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿಯನ್ನು ಮುಚ್ಚಿ ನಮ್ಮ ರೋಗಿಗಳು ದಾರಿಯಲ್ಲಿ ನಿಲ್ಲಬೇಕಾಗಿ ಬಂದದ್ದನ್ನು ಕಂಡವರು, ಗಡಿಯ ಈಚೆಗೂ ಒಬ್ಬ ಪರಿಚಯದ ವೈದ್ಯರನ್ನು ಇಟ್ಟುಕೊಳ್ಳುವುದನ್ನು ಕಲಿತಿದ್ದೇವೆ.

ಯಾವ ಲಕ್ಷಣ ಕಂಡರೆ ತಡ ಮಾಡಬಾರದು?

ಗಾಯದ ಸುತ್ತ ಕೆಂಪು ಹರಡುವುದು, ಬಿಸಿ, ಕೀವು, ದುರ್ವಾಸನೆ, ಹೊಲಿಗೆ ಬಿಚ್ಚಿಕೊಳ್ಳುವುದು, 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ. ನಿಲ್ಲದ ವಾಂತಿ, ಹೊಟ್ಟೆಯುಬ್ಬರ, ಮೂತ್ರ ಕಟ್ಟುವುದು: ಇವುಗಳಲ್ಲಿ ಯಾವುದಾದರೂ ಕಂಡರೆ ಅಂದೇ ವೈದ್ಯರನ್ನು ಕಾಣಿ. ಒಂದೇ ಕಾಲಿನ ಮೀನಖಂಡ ಬಾತು ನೋಯುವುದನ್ನೂ ‘ಉಳುಕು’ ಎಂದು ಎಣ್ಣೆ ತಿಕ್ಕಿ ಕಳೆಯಬೇಡಿ, ಅದು ರಕ್ತ ಹೆಪ್ಪುಗಟ್ಟಿದ ಗುರುತಾಗಿರಬಹುದು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಗಡಿಯ ಎರಡೂ ಕಡೆ 108ಕ್ಕೆ ಕರೆ ಮಾಡಿ.

ಗಾಯ ಮಾಗಿದರೂ ಅಳು ಬರುತ್ತದೆ, ಯಾವುದರಲ್ಲಿಯೂ ಮನಸ್ಸಿಲ್ಲ. ಇದು ನಂಬಿಕೆಯ ಕೊರತೆಯೇ?

ಅಲ್ಲ. ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಮನಸ್ಸು ಕುಗ್ಗುವುದು ಹಲವರಲ್ಲಿ ಕಂಡುಬರುತ್ತದೆ. ನನಗೂ ಮನೆಗೆ ಬಂದ ಎರಡನೆಯ ವಾರ ಚಾವಡಿಯಲ್ಲಿ ಕುಳಿತಲ್ಲೇ ಕಣ್ಣು ತುಂಬುತ್ತಿತ್ತು, ದೇವರ ಕೋಣೆಗೆ ಹೋಗಲೂ ಬೇಸರವಾಗುತ್ತಿತ್ತು. ಎರಡು ವಾರ ದಾಟಿಯೂ ಹೋಗದಿದ್ದರೆ, ಅಥವಾ ಬದುಕೇ ಬೇಡವೆನಿಸಿದರೆ ಕಾಯದೆ, ವೈದ್ಯರಿಗೆ ಹೇಳಿ. ಅದಕ್ಕೂ ಚಿಕಿತ್ಸೆ ಇದೆ.

ಮಕ್ಕಳೆಲ್ಲ ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇದ್ದಾರೆ. ಹತ್ತಿರದವರಿಲ್ಲದವರ ಗತಿಯೇನು?

ದೂರದ ಮಕ್ಕಳು ದಿನಕ್ಕೆ ಹತ್ತು ಸಲ ವಿಡಿಯೋ ಕರೆ ಮಾಡುವ ಬದಲು ಗೊತ್ತಾದ ಹೊತ್ತಿಗೆ ಒಂದು ಸಲ ಮಾಡಲಿ, ವೈದ್ಯರೊಡನೆ ಮಾತಾಡುವ ಹೊಣೆಯನ್ನು ಅವರಲ್ಲಿ ಒಬ್ಬರೇ ಹೊರಲಿ. ಹತ್ತಿರಕ್ಕೆ ನೆರೆಯವರನ್ನು ಸಂಕೋಚವಿಲ್ಲದೆ ಕೇಳಿ. ಸಂಬಳಕ್ಕೆ ಹೋಂ ನರ್ಸ್ ಸಿಗುತ್ತಾರೆ. ವಾರ್ಡಿನಲ್ಲಿಯೂ ಹೊಸ ನೆಂಟಸ್ತಿಕೆ ಹುಟ್ಟುತ್ತದೆ. ಅಳಿಯನಿಗೆ ಪರೀಕ್ಷೆಯಿದ್ದು ಊರಿಗೆ ಹೋದ ಎರಡು ದಿನ, ಎದುರಿನ ಹಾಸಿಗೆಯ ಹಿರಿಯರ ಮೊಮ್ಮಗ ಬೆಳಗ್ಗೆ ಎರಡು ಫ್ಲಾಸ್ಕುಗಳನ್ನು ಹಿಡಿದು ಕ್ಯಾಂಟೀನಿಗೆ ಹೋಗುತ್ತಿದ್ದ, ಒಂದರಲ್ಲಿ ಅಜ್ಜನಿಗೆ ಚಹಾ, ಇನ್ನೊಂದರಲ್ಲಿ ನನಗೆ ಬಿಸಿ ಜೀರಿಗೆ ನೀರು. ನನ್ನ ಫ್ಲಾಸ್ಕಿನ ಮುಚ್ಚಳ ಸಡಿಲವೆಂದು ಅವನೇ ಅದಕ್ಕೊಂದು ರಬ್ಬರ್ ಬ್ಯಾಂಡ್ ಹಾಕಿದ್ದ. ಈಗಲೂ ಹಾಗೆಯೇ ಇದೆ.